ದಿನವಿಡೀ ಪಾಠ ಹೇಳುವವರು ದನಿಯನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಹಾವೇರಿ ಜಿಲ್ಲೆ

ಹದಿನಾಲ್ಕು ವರ್ಷಗಳಿಂದ ಸಮಾಜ ವಿಜ್ಞಾನ ಬೋಧಿಸುತ್ತಿದ್ದೇನೆ. ದಿನಕ್ಕೆ ಐದು ಪೀರಿಯಡ್, ತರಗತಿಯಲ್ಲಿ ಅರವತ್ತಕ್ಕೂ ಹೆಚ್ಚು ಮಕ್ಕಳು, ತಲೆಯ ಮೇಲೆ ತಗಡಿನ ಛಾವಣಿ. ಮಳೆ ಹಿಡಿದುಕೊಂಡಿತೆಂದರೆ ಹಿಂದಿನ ಬೆಂಚಿಗೆ ಕೇಳಿಸಲೆಂದು ಕೂಗಿಯೇ ಪಾಠ ಮಾಡಬೇಕಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ದನಿ ಒಡೆಯುತ್ತದೆ, ಶನಿವಾರ ಮನೆಗೆ ಬಂದರೆ ಮಾತೇ ಹೊರಡುವುದಿಲ್ಲ, ಭಾನುವಾರ ಕಳೆಯುವಷ್ಟರಲ್ಲಿ ಮತ್ತೆ ಸರಿಹೋಗುತ್ತದೆ. ಕಲ್ಲುಸಕ್ಕರೆ, ಕಾಳುಮೆಣಸು, ಜ್ಯೇಷ್ಠಮಧು ಎಲ್ಲವನ್ನೂ ಬಾಯಲ್ಲಿಟ್ಟುಕೊಂಡು ನೋಡಿದ್ದಾಯಿತು. ನಿತ್ಯದ ಅಭ್ಯಾಸದಲ್ಲಿ ನಾನು ಬದಲಿಸಿಕೊಳ್ಳಬೇಕಾದದ್ದು ಏನು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ವಾಕ್ ಚಿಕಿತ್ಸಕಿ, ಮೈಸೂರು

ಮೇಡಂ, ವಿಶ್ರಾಂತಿ ಸಿಕ್ಕಾಗ ದನಿ ಮರಳುತ್ತಿದೆ ಎಂಬುದು ಸಮಾಧಾನದ ವಿಷಯ. ಸಾಮಾನ್ಯವಾಗಿ ಮಾತನಾಡುವಾಗ ಹೆಂಗಸರ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಬಾರಿ, ಗಂಡಸರವು ಸುಮಾರು 120 ಬಾರಿ ಒಂದಕ್ಕೊಂದು ತಾಗುತ್ತವೆ. ಕೂಗಿದಾಗ ಬಡಿತದ ಸಂಖ್ಯೆಯೂ ಪೆಟ್ಟಿನ ಬಿರುಸೂ ಏರುತ್ತವೆ. ಆ ಪೆಟ್ಟು ತಿಂಗಳುಗಟ್ಟಲೆ ಒಂದೇ ಜಾಗಕ್ಕೆ ಬಿದ್ದರೆ, ಗುದ್ದಲಿ ಹಿಡಿದ ಅಂಗೈ ಜಡ್ಡುಗಟ್ಟುವ ಹಾಗೆ ತಂತುವಿನ ಅಂಚಿನಲ್ಲಿ ಗಂಟು ಮೂಡಬಹುದು. ಶಿಕ್ಷಕಿಯರಲ್ಲಿ ಇದನ್ನು ಹೆಚ್ಚಾಗಿ ಕಾಣುತ್ತೇವೆ.

ಇನ್ನು ಮೇಲೆ ಮೆಲ್ಲಗೆ ಮಾತನಾಡುತ್ತೇನೆ ಎಂದು ನಿಶ್ಚಯಿಸಿಕೊಂಡರೆ ಅದು ನಡೆಯುವುದಿಲ್ಲ. ಸುತ್ತ ಗದ್ದಲವಿದ್ದರೆ ನಮಗರಿವಿಲ್ಲದೆ ದನಿ ಏರುತ್ತದೆ. ಇದನ್ನು 1911ರಲ್ಲಿ ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ ವಿವರಿಸಿದ್ದರಿಂದ ಅವನ ಹೆಸರಿನಿಂದಲೇ ಕರೆಯುತ್ತಾರೆ. ಆದ್ದರಿಂದ ಮಳೆ ಜೋರಾದ ಕೂಡಲೇ ಪಾಠ ನಿಲ್ಲಿಸಿ, ನಕ್ಷೆ ತುಂಬಿಸುವುದನ್ನೋ ಬರೆಯುವ ಕೆಲಸವನ್ನೋ ಕೊಟ್ಟುಬಿಡಿ. ಹಲಗೆಯ ಕಡೆ ತಿರುಗಿ ಬರೆಯುತ್ತಾ ಮಾತನಾಡಬೇಡಿ. ಗೋಡೆಗೆ ಹೇಳಿದ್ದನ್ನು ಮಕ್ಕಳಿಗೆ ಮುಟ್ಟಿಸಲು ಇಮ್ಮಡಿ ದನಿ ಬೇಕಾಗುತ್ತದೆ.

ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಗಿ ಪದೇ ಪದೇ ಕ್ಯಾಕರಿಸುವ ರೂಢಿಯಿದ್ದರೆ ಅದನ್ನು ಬಿಡಲೇಬೇಕು. ಒಮ್ಮೆ ಕ್ಯಾಕರಿಸಿದರೆ ತಂತುಗಳು ಬಲವಾಗಿ ಉಜ್ಜಿಕೊಳ್ಳುತ್ತವೆ, ಕೆರಳಿದ ಜಾಗದಲ್ಲಿ ಇನ್ನಷ್ಟು ಲೋಳೆ ಊರುತ್ತದೆ, ಅದಕ್ಕಾಗಿ ಮತ್ತೆ ಕ್ಯಾಕರಿಸಬೇಕೆನಿಸುತ್ತದೆ. ಆ ಕ್ಷಣದಲ್ಲಿ ಒಂದು ಗುಟುಕು ನೀರು ನುಂಗಿ. ನೀರಿನ ಬಗ್ಗೆ ಇನ್ನೊಂದು ಮಾತು: ಕುಡಿದ ನೀರು ಧ್ವನಿತಂತುಗಳನ್ನು ಮುಟ್ಟುವುದೇ ಇಲ್ಲ, ಅದು ಅನ್ನನಾಳಕ್ಕೆ ಇಳಿಯುತ್ತದೆ. ಮೈಯಲ್ಲಿ ನೀರಿನಂಶ ಸಾಕಷ್ಟಿದ್ದಾಗ ಮಾತ್ರ ತಂತುಗಳ ಮೇಲಿನ ಪಸೆ ತೆಳುವಾಗಿ ಉಳಿಯುವುದರಿಂದ ಬೆಳಗಿನಿಂದಲೇ ಕುಡಿಯುತ್ತಿರಬೇಕು. ಶಾಲೆಯ ಶೌಚಾಲಯಕ್ಕೆ ಹೆದರಿ ಸಂಜೆಯವರೆಗೆ ನೀರು ಮುಟ್ಟದ ಎಷ್ಟೋ ಶಿಕ್ಷಕಿಯರು ನನ್ನ ಮುಂದೆ ಕುಳಿತು ಅದನ್ನು ಸಂಕೋಚದಿಂದ ಹೇಳಿಕೊಂಡಿದ್ದಾರೆ. ಆ ಶೌಚಾಲಯ ಸರಿಯಾಗುವುದೂ ದನಿಯ ಚಿಕಿತ್ಸೆಯೇ ಎಂದು ನಾನು ನಂಬುತ್ತೇನೆ.

ದನಿ ಕಟ್ಟಿದಾಗ ಪಿಸುಗುಟ್ಟುವುದು ವಿಶ್ರಾಂತಿಯಲ್ಲ, ಅನೇಕರಲ್ಲಿ ಅದು ಗಂಟಲನ್ನು ಇನ್ನಷ್ಟು ಬಿಗಿಯುತ್ತದೆ. ರಕ್ತದೊತ್ತಡವಿರುವವರು ಜ್ಯೇಷ್ಠಮಧುವನ್ನು ನಿತ್ಯ ಅಗಿಯಬಾರದು.

ಉತ್ತರ: ಯಕ್ಷಗಾನ ಭಾಗವತ, ಹೊನ್ನಾವರ

ಚಂಡೆಯ ಪಕ್ಕ ಕುಳಿತು ಏರುಶ್ರುತಿಯಲ್ಲಿ ಹಾಡುವವನು ನಾನು. ನನ್ನ ಗಂಟಲು ಕೆಟ್ಟದ್ದು ಪದ್ಯದಿಂದಲ್ಲ, ಆಟ ಮುಗಿದ ಮೇಲೆ ಮೇಳದ ವಾಹನದಲ್ಲಿ ಇಂಜಿನ್ನಿನ ಸದ್ದಿಗೆ ಎದುರಾಗಿ ಹರಟುತ್ತಿದ್ದುದರಿಂದ. ಜೊತೆಗೆ ನಡುರಾತ್ರಿ ಹೊಟ್ಟೆ ತುಂಬ ಉಂಡು ಕೂಡಲೇ ಮಲಗುತ್ತಿದ್ದೆ. ಹೊಟ್ಟೆಯ ಹುಳಿ ಮೇಲೇರಿ ಗಂಟಲನ್ನು ಸುಡುತ್ತಿದೆ ಎಂದು ವೈದ್ಯರು ಹೇಳಿದಾಗಲೇ ಬೆಳಗಿನ ಗೊಗ್ಗರು ದನಿಯ ಕಾರಣ ತಿಳಿದದ್ದು. ಈಗ ಊಟಕ್ಕೂ ನಿದ್ದೆಗೂ ನಡುವೆ ಎರಡು ಮೂರು ತಾಸು ಬಿಡುತ್ತೇನೆ. ಹಾಡುವ ಮೊದಲು ತುಟಿ ಮುಚ್ಚಿ ಕೆಳಶ್ರುತಿಯಲ್ಲಿ ಐದು ನಿಮಿಷ ಗುನುಗುತ್ತೇನೆ. ಮೂಗಿನ ಬುಡದಲ್ಲಿ ಸಣ್ಣ ಕಂಪನ ತಿಳಿದರೆ ದನಿ ಸಡಿಲವಾಗಿದೆ ಎಂದರ್ಥ. ಮೊದಲ ಪೀರಿಯಡ್ಡಿಗೆ ಮುಂಚೆ ನೀವೂ ಮಾಡಿ ನೋಡಬಹುದು.

ಉತ್ತರ: ಗಣಿತ ಶಿಕ್ಷಕ, ತುಮಕೂರು

ಸೊಂಟಕ್ಕೆ ಕಟ್ಟಿಕೊಳ್ಳುವ ಪುಟ್ಟ ಸ್ಪೀಕರ್ ಮತ್ತು ಕಿವಿಗೆ ಸಿಕ್ಕಿಸುವ ಮೈಕನ್ನು ಮೂರು ವರ್ಷದಿಂದ ಬಳಸುತ್ತಿದ್ದೇನೆ. ಮಕ್ಕಳನ್ನು ಸುಮ್ಮನಿರಿಸಲು ಕೂಗುವುದಿಲ್ಲ, ಮೂರು ಬಾರಿ ಚಪ್ಪಾಳೆ ತಟ್ಟುತ್ತೇನೆ. ಅವರೂ ತಿರುಗಿ ತಟ್ಟಿ ಸುಮ್ಮನಾಗುತ್ತಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಕ್ಯಾಕರಿಸುವ ಅಭ್ಯಾಸ ನನಗಿದೆ, ಇದನ್ನು ಓದುವಾಗಲೇ ಎರಡು ಬಾರಿ ಮಾಡಿದೆ. ವೈದ್ಯರಲ್ಲಿಗೆ ಯಾವಾಗ ಹೋಗಬೇಕು?

ಉತ್ತರ: ವಾಕ್ ಚಿಕಿತ್ಸಕಿ, ಮೈಸೂರು

ದನಿಯ ಒಡಕು ಮೂರು ವಾರ ಬಿಡದೆ ಉಳಿದರೆ, ಅಥವಾ ನುಂಗಲು ಕಷ್ಟ, ಉಸಿರಿಗೆ ತೊಂದರೆ, ಕಫದಲ್ಲಿ ರಕ್ತ ಕಂಡರೆ ಕಾಯದೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಧ್ವನಿಯ ಪರೀಕ್ಷೆ ಮತ್ತು ಚಿಕಿತ್ಸೆ ದೊರೆಯುತ್ತದೆ. ದಸರಾ ರಜೆಯಲ್ಲಿ ಬರುವುದಾದರೆ, ಮೂರು ನಾಲ್ಕು ಕೆಲಸದ ದಿನಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ ಒಂದೇ ವಾಕ್ಯವನ್ನು ಮೊಬೈಲಿನಲ್ಲಿ ದಾಖಲಿಸಿ ತನ್ನಿ. ರಜೆಯ ದನಿಯೊಂದನ್ನೇ ಕೇಳಿದರೆ ನಿಮ್ಮ ತೊಂದರೆ ನಮಗೆ ತಿಳಿಯುವುದಿಲ್ಲ.