ಜಾಗ್ವಾರ್ ವಿಮಾನಕ್ಕೆ ಅಷ್ಟು ಚಿಕ್ಕ ರೆಕ್ಕೆ ಏಕೆ?

ಪ್ರಶ್ನೆ – ಗುಬ್ಬಿಯ ಪ್ರೌಢಶಾಲಾ ವಿಜ್ಞಾನ ಶಿಕ್ಷಕ

ನಮ್ಮ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಆದಾಗಿನಿಂದ ಮಕ್ಕಳು ತರಗತಿಯಲ್ಲಿ ವಿಮಾನಗಳ ಬಗ್ಗೆಯೇ ಕೇಳುತ್ತಾರೆ. ಭೂದಾಳಿಗೆಂದು ರೂಪಿಸಿದ ಜಾಗ್ವಾರ್, ಬಾಂಬು ಮತ್ತು ಇಂಧನವೂ ಸೇರಿ ಗರಿಷ್ಠ 15,700 ಕೆ.ಜಿ. ತೂಗುತ್ತದೆ, ರೆಕ್ಕೆಯ ವಿಸ್ತೀರ್ಣವೋ ಸುಮಾರು 24 ಚದರ ಮೀಟರ್ ಮಾತ್ರ. ರೆಕ್ಕೆ ದೊಡ್ಡದಿದ್ದರೆ ಮೇಲೇರುವುದು ಸುಲಭವಾಗುತ್ತಿರಲಿಲ್ಲವೇ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಾಳೆ. ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ – ಕೋಲಾರದ ನಿವೃತ್ತ ವಿಮಾನ ತಂತ್ರಜ್ಞ

ಮೇಷ್ಟ್ರೇ, ಹುಡುಗಿಯ ತರ್ಕ ಸರಿಯಾಗಿದೆ, ಆದರೆ ಈ ವಿಮಾನದ ಮುಖ್ಯ ಕೆಲಸ ಶತ್ರು ರೇಡಾರಿನ ಕಣ್ಣಿಗೆ ಬೀಳದಂತೆ ನೆಲಕ್ಕೆ ತೀರ ಹತ್ತಿರದಲ್ಲಿ, ಗಂಟೆಗೆ 800 ಕಿ.ಮೀ.ಗೂ ಮೀರಿದ ವೇಗದಲ್ಲಿ ಹಾರುವುದು. ಆ ಎತ್ತರದಲ್ಲಿ ಗಾಳಿ ಸದಾ ಕಲಕಿರುತ್ತದೆ. ರೆಕ್ಕೆ ಅಗಲವಾದಷ್ಟೂ ಗಾಳಿಯ ಪ್ರತಿ ಹೊಡೆತಕ್ಕೂ ವಿಮಾನ ಎಗರುತ್ತದೆ, ಪೈಲಟ್ ದಣಿಯುತ್ತಾನೆ, ಗುರಿ ತಪ್ಪುತ್ತದೆ. ಹಳ್ಳ ಬಿದ್ದ ರಸ್ತೆಯಲ್ಲಿ ಖಾಲಿ ಲಾರಿ ಕುಪ್ಪಳಿಸುವಷ್ಟು ಲೋಡ್ ತುಂಬಿದ ಲಾರಿ ಕುಪ್ಪಳಿಸುವುದಿಲ್ಲವಲ್ಲ, ಹಾಗೆಯೇ ಪ್ರತಿ ಚದರ ಮೀಟರ್ ರೆಕ್ಕೆಯ ಮೇಲೆ ಹೆಚ್ಚು ತೂಕ ಬಿದ್ದಷ್ಟೂ ಹಾರಾಟ ಸ್ಥಿರವಾಗಿರುತ್ತದೆ. ಜಾಗ್ವಾರ್‌ನಲ್ಲಿ ಅದು 640 ಕೆ.ಜಿ.ಗೂ ಹೆಚ್ಚು. ಮೇಲೇರುವಾಗಿನ ಕೊರತೆಯನ್ನು ತುಂಬಲು ರೆಕ್ಕೆಯ ಹಿಂಬದಿಯ ಉದ್ದಕ್ಕೂ ಫ್ಲಾಪ್‌ಗಳನ್ನೇ (ಕೆಳಕ್ಕೆ ಬಾಗಿ ಎತ್ತುವ ಬಲ ಹೆಚ್ಚಿಸುವ ಪಟ್ಟಿಗಳು) ಅಳವಡಿಸಿದ್ದಾರೆ. ಹೀಗಾಗಿ ವಿಮಾನವನ್ನು ಪಕ್ಕಕ್ಕೆ ಹೊರಳಿಸಲು ಸಾಮಾನ್ಯವಾಗಿ ಅಲ್ಲೇ ಇರುವ ಏಲಿರಾನ್ ಎಂಬ ಪಟ್ಟಿಗೆ ಜಾಗವೇ ಉಳಿದಿಲ್ಲ. ಆ ಕೆಲಸವನ್ನು ರೆಕ್ಕೆಯ ಮೇಲಿನ ಸ್ಪಾಯ್ಲರ್‌ಗಳು (ಮೇಲೆದ್ದು ಆ ಬದಿಯ ಎತ್ತುವ ಬಲ ತಗ್ಗಿಸುವ ಪಟ್ಟಿಗಳು) ಮತ್ತು ಬಾಲದ ಅಡ್ಡರೆಕ್ಕೆಗಳು ಮಾಡುತ್ತವೆ.

ಉತ್ತರ – ಚಿಕ್ಕಬಳ್ಳಾಪುರದ ಎಂಜಿನಿಯರಿಂಗ್ ವಿದ್ಯಾರ್ಥಿ

ಹಾಗಿದ್ದರೂ ಬೇಸಿಗೆಯಲ್ಲಿ ಈ ವಿಮಾನಕ್ಕೆ ಉದ್ದದ ರನ್‌ವೇ ಬೇಕೆಂದು ದೂರುವವರಿದ್ದಾರಲ್ಲ ಸರ್, ಅದಕ್ಕೂ ರೆಕ್ಕೆಯೇ ಕಾರಣವೇ? ರೆಕ್ಕೆಯ ಮೇಲ್ಭಾಗದಲ್ಲಿ ಕ್ಷಿಪಣಿ ಕೂರಿಸಿರುವುದೂ ವಿಚಿತ್ರವಾಗಿ ಕಾಣುತ್ತದೆ.

ಉತ್ತರ – ಕೋಲಾರದ ನಿವೃತ್ತ ವಿಮಾನ ತಂತ್ರಜ್ಞ

ರೆಕ್ಕೆಯದು ಅರ್ಧ ಪಾಲು. ಬಿಸಿಗಾಳಿ ತೆಳುವಾಗಿರುವುದರಿಂದ ರೆಕ್ಕೆಯ ಎತ್ತುವ ಬಲವೂ ಎಂಜಿನ್ನಿನ ನೂಕುಬಲವೂ ಒಟ್ಟಿಗೇ ಕುಗ್ಗುತ್ತವೆ, ಮತ್ತು ಇದರ ಎರಡು ಅಡೋರ್ ಎಂಜಿನ್‌ಗಳಲ್ಲಿ ಮೊದಲೇ ಹೆಚ್ಚುವರಿ ನೂಕುಬಲ ಕಡಿಮೆ. ನನ್ನನ್ನು ಕೇಳಿದರೆ ದೂರು ಸಲ್ಲಬೇಕಾದದ್ದು ಎಂಜಿನ್ನಿಗೇ. ಹೆಚ್ಚು ಬಲದ ಹನಿವೆಲ್ ಎಂಜಿನ್ ಹಾಕುವ ಯೋಜನೆಯಿತ್ತು, ಅದನ್ನು ಕೈಬಿಟ್ಟರು. ಇನ್ನು ಕ್ಷಿಪಣಿಯ ವಿಚಾರ: ರೆಕ್ಕೆಯ ಕೆಳಗಿನ ಕೊಂಡಿಗಳು ಬಾಂಬು ಮತ್ತು ಹೆಚ್ಚುವರಿ ಇಂಧನ ಟ್ಯಾಂಕುಗಳಿಗೇ ಮೀಸಲಾದ್ದರಿಂದ, ಆತ್ಮರಕ್ಷಣೆಯ ಕ್ಷಿಪಣಿಯನ್ನು ಮೇಲೆ ಕೂರಿಸಿದರೆ ದಾಳಿಯ ಹೊರೆ ಕಡಿಮೆಯಾಗುವುದಿಲ್ಲ.