ಪ್ರಾಕ್ಟೀಸಲ್ಲಿ ಬರೋ ಡಬಲ್ ಆಕ್ಸೆಲ್ ಸ್ಪರ್ಧೆಯಲ್ಲಿ ಪಾಪ್ ಆಗುತ್ತೆ, ಏನು ಬದಲಿಸಬೇಕು?

ನ್ಯೂಜೆರ್ಸಿ_ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳಿಗೆ 15 ವರ್ಷ. ಇಲ್ಲಿ ನ್ಯೂಜೆರ್ಸಿಯಲ್ಲಿ ಜೂನಿಯರ್ ಮಟ್ಟದಲ್ಲಿ ಫಿಗರ್ ಸ್ಕೇಟಿಂಗ್ ಮಾಡ್ತಾಳೆ. ಡಬಲ್ ಆಕ್ಸೆಲ್ (ಮುಂದಕ್ಕೆ ಮುಖ ಮಾಡಿ ಹಾರಿ ಎರಡೂವರೆ ಸುತ್ತು), ಟ್ರಿಪಲ್ ಸಾಲ್ಕೋ (ಮೂರು ಸುತ್ತಿನ ಜಂಪ್) ಎರಡೂ ಪ್ರಾಕ್ಟೀಸಲ್ಲಿ ಚೆನ್ನಾಗೇ ಬರುತ್ತೆ. ಸ್ಪರ್ಧೆಗೆ ಹೋದರೆ ಶಾರ್ಟ್ ಪ್ರೋಗ್ರಾಂನ (ಸ್ಪರ್ಧೆಯ ಮೊದಲ, ಚಿಕ್ಕ ಭಾಗ; ಎರಡನೆಯದು ಫ್ರೀ ಸ್ಕೇಟ್) ಮೊದಲ ಜಂಪಲ್ಲೇ ಕೈ ಬಿಚ್ಚಿಬಿಡ್ತಾಳೆ, ಡಬಲ್ ಹೋಗಿ ಸಿಂಗಲ್ ಆಗುತ್ತೆ, ಪಾಪ್ ಅನ್ನೋದು ಇದನ್ನೇ. ಅಲ್ಲಿಂದ ಮುಂದೆ ಉಳಿದದ್ದೂ ಒಂದೊಂದಾಗಿ ಕೈಕೊಡುತ್ತೆ. ಕೇಳಿದರೆ "ನಂಗೆ ಕಾನ್ಫಿಡೆನ್ಸೇ ಇಲ್ಲಮ್ಮ" ಅಂತಾಳೆ. ದಿನಾ ಹಾಕೋ ಆಕ್ಸೆಲ್‌ಗಳಿಗೇನೂ ಕಮ್ಮಿ ಇಲ್ಲ, ಇನ್ನೂ ಜಾಸ್ತಿ ಹಾಕಿಸಬೇಕಾ? ಮುಂದಿನ ಸ್ಪರ್ಧೆಗೆ ಆರು ವಾರ ಇದೆ. ಈ ಆರು ವಾರ ಹೇಗೆ ಬಳಸಿಕೊಳ್ಳೋದು, ತಿಳಿದವರು ದಯವಿಟ್ಟು ಹೇಳಿ.

ಎಡ್ಜ್_ಕೋಚ್

ಮೇಡಂ, ಜಂಪ್‌ಗಳ ಸಂಖ್ಯೆ ಹೆಚ್ಚಿಸಬೇಡಿ, ಲೆಕ್ಕ ಇಡೋ ರೀತಿ ಬದಲಿಸಿ. ಪ್ರಾಕ್ಟೀಸಲ್ಲಿ "ಹತ್ತಕ್ಕೆ ಎಂಟು ಬಂತು" ಅನ್ನೋ ಲೆಕ್ಕದಲ್ಲಿ ಆರನೆಯದು ಬಂದಿರೋದು ಐದನೆಯದನ್ನ ತಿದ್ದಿಕೊಂಡ ಮೇಲೆ. ಸ್ಪರ್ಧೆಯಲ್ಲಿ ಅದಕ್ಕೆ ಅವಕಾಶ ಇಲ್ಲ. ಬೋರ್ಡ್ (ರಿಂಕ್ ಸುತ್ತಲ ತಡೆಗೋಡೆ) ಪಕ್ಕ ಕಾದು ಕಾಲು ತಣ್ಣಗಾಗಿರುತ್ತೆ, ಹೆಸರು ಕರೆದ ಮೇಲೆ 30 ಸೆಕೆಂಡಲ್ಲಿ ಜಾಗಕ್ಕೆ ಹೋಗಿ ನಿಲ್ಲಬೇಕು, ಸಿಗೋದು ಒಂದೇ ಯತ್ನ. ಹಾಗಾಗಿ ಅವಳಿಗೆ ನಿಜವಾಗಿ ಗೊತ್ತಿರಬೇಕಾದ ಸಂಖ್ಯೆ ಒಂದೇ: ಸೆಷನ್ನಿನ ಮೊದಲ ಡಬಲ್ ಆಕ್ಸೆಲ್ ಎಷ್ಟು ದಿನ ಬಂತು?

ಇವತ್ತಿಂದಲೇ ಒಂದು ನೋಟ್‌ಬುಕ್ ಇಡಲಿ. ವಾರ್ಮ್‌ಅಪ್ ಮುಗಿದ ಮೇಲೆ ಪ್ರೋಗ್ರಾಂನಲ್ಲಿರೋ ಅದೇ ಎಂಟ್ರಿಯಿಂದ (ಜಂಪಿಗೆ ಬರೋ ಹೆಜ್ಜೆಗಳು), ಅದೇ ಮೂಲೆಯಲ್ಲಿ, ಒಂದು ಡಬಲ್ ಆಕ್ಸೆಲ್. ಬಂತೋ ಇಲ್ಲವೋ ಬರೆದಿಡಬೇಕು. "ಬಂತು" ಅನ್ನೋಕೂ ಕಟ್ಟುನಿಟ್ಟು ಇರಲಿ: ಸುತ್ತು ಪೂರ್ತಿ, ಒಂದೇ ಕಾಲಲ್ಲಿ ಲ್ಯಾಂಡಿಂಗ್, ಬ್ಯಾಕ್ ಔಟ್‌ಸೈಡ್ ಎಡ್ಜ್ (ಹಿಮ್ಮುಖವಾಗಿ ಜಾರುವಾಗ ಬ್ಲೇಡಿನ ಹೊರ ಅಂಚು) ಎರಡು ಸೆಕೆಂಡ್ ಹಿಡಿದಿರಬೇಕು. ಸ್ಟೆಪ್‌ಔಟ್ (ಇಳಿದ ಕಾಲು ನಿಲ್ಲದೆ ಇನ್ನೊಂದು ಕಾಲಿಡೋದು), ಎರಡು ಕಾಲು, ಕೈ ಊರಿದ್ದು, ಇವೆಲ್ಲ "ಬಂದಿಲ್ಲ". ಮೊದಲ ವಾರ ಈ ಸಂಖ್ಯೆ ನೋಡಿ ಬೇಜಾರಾಗಬಹುದು. ಆದರೆ ಅದು ಏರೋದನ್ನ ತಾನೇ ಬರೆದು ನೋಡಿದ ಹುಡುಗಿಗೆ "ಧೈರ್ಯ ತಗೋ" ಅಂತ ಯಾರೂ ಹೇಳಬೇಕಾಗಲ್ಲ.

ಈಗ ಪಾಪ್ ಯಾಕಾಗುತ್ತೆ ಅನ್ನೋದು. ಎಲ್ಲರೂ ಭಯ ಅಂತಾರೆ. ಎಷ್ಟೋ ಸಲ ಟೇಕ್‌ಆಫ್ ಮೊದಲೇ ಕೆಟ್ಟಿರುತ್ತೆ, ಗಾಳಿಯಲ್ಲಿ ವಾಲಿದ್ದು ಗೊತ್ತಾಗಿ ದೇಹ ತನ್ನನ್ನ ಕಾಪಾಡಿಕೊಳ್ಳೋಕೆ ಕೈ ಬಿಚ್ಚುತ್ತೆ. ಸ್ಪರ್ಧೆಯ ದಿನ ಆವೇಶದಲ್ಲಿ ಎಂಟ್ರಿ ವೇಗ ಮಾಮೂಲಿಗಿಂತ ಹೆಚ್ಚಿರುತ್ತೆ. ಬಲಗಾಲಿನ ಬ್ಯಾಕ್ ಔಟ್‌ಸೈಡ್ ಎಡ್ಜಲ್ಲಿ ಕಾಯದೆ ಎಡಗಾಲಿಗೆ ಬೇಗ ಕಾಲಿಡ್ತಾರೆ (ಎಡಕ್ಕೆ ತಿರುಗೋ ಸ್ಕೇಟರ್ ಅಂದುಕೊಂಡು ಹೇಳ್ತಿದ್ದೀನಿ). ಎಡಭುಜ ತೆರೆದುಕೊಳ್ಳುತ್ತೆ, ಎಡ್ಜ್ ಒಳಕ್ಕೆ ಸುರುಳಿಯಾಗುತ್ತೆ, ಜಂಪ್ ಮೇಲಕ್ಕೆ ಹೋಗೋ ಬದಲು ಪಕ್ಕಕ್ಕೆ ಹೋಗುತ್ತೆ. ವಿಡಿಯೋವನ್ನ ನಿಧಾನಗತಿಯಲ್ಲಿ ಹಾಕಿ, ಪ್ರಾಕ್ಟೀಸಿನದೊಂದು, ಸ್ಪರ್ಧೆಯದೊಂದು. ಬ್ಯಾಕ್ ಎಡ್ಜಲ್ಲಿ ಎಷ್ಟು ಫ್ರೇಮ್ ನಿಂತಿದ್ದಾಳೆ ಅಂತ ಎಣಿಸಿ ಹೋಲಿಸಿ. ಸ್ಪರ್ಧೆಯದು ಗಿಡ್ಡವಾಗಿದ್ದರೆ ತಿದ್ದಬೇಕಾದ್ದು ಮನಸ್ಸನ್ನಲ್ಲ, ಆ ಕಾಯುವಿಕೆಯನ್ನ. ಆ ಎಡ್ಜ್ ಮೇಲೆ ಮನಸ್ಸಲ್ಲೇ "ಒಂದು, ಎರಡು" ಎಣಿಸಿ ಆಮೇಲೆ ಕಾಲಿಡಲಿ. ಒಂದೇ ಪದದ ಸೂಚನೆ ಇಟ್ಟುಕೊಳ್ಳಲಿ, ಬಲಮಂಡಿ ಮುಂದಕ್ಕೆ ಬರಬೇಕು ಅನ್ನೋದಕ್ಕೆ "ಮಂಡಿ" ಸಾಕು. ಮೂರು ನಾಲ್ಕು ಸೂಚನೆ ತಲೆಯಲ್ಲಿಟ್ಟುಕೊಂಡು ಆಕ್ಸೆಲ್‌ಗೆ ಹೋದರೆ ಒಂದೂ ಕೆಲಸ ಮಾಡಲ್ಲ.

ಪ್ರಾಕ್ಟೀಸಲ್ಲಿ ಸತತ ಮೂರು ಸಲ ತಪ್ಪಿದರೆ ನಾಲ್ಕನೆಯದು ಬೇಡ. ವಾಲ್ಟ್ಜ್ ಜಂಪ್ (ಅರ್ಧ ಸುತ್ತಿನ ಸುಲಭ ಜಂಪ್) ಮಾಡಿ ಬ್ಯಾಕ್‌ಸ್ಪಿನ್, ಸಿಂಗಲ್ ಆಕ್ಸೆಲ್ ಮಾಡಿ ಬ್ಯಾಕ್‌ಸ್ಪಿನ್, ಇವೆರಡಕ್ಕೆ ಇಳಿದು ಭಾರ ಬಲಗಡೆಗೆ ಬರ್ತಿದೆಯಾ ನೋಡಿ, ಆಮೇಲೆ ವಾಪಸ್. ಪಾಪ್ ಮೇಲೆ ಪಾಪ್ ಮಾಡ್ತಾ ಹೋದರೆ ದೇಹ ಪಾಪ್ ಮಾಡೋದನ್ನೇ ರೂಢಿ ಮಾಡಿಕೊಳ್ಳುತ್ತೆ.

ರನ್‌ಥ್ರೂ (ಮ್ಯೂಸಿಕ್ ಹಾಕಿ ಇಡೀ ಪ್ರೋಗ್ರಾಂ ಮಾಡೋದು) ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳಲ್ಲ. ಮ್ಯೂಸಿಕ್ ಶುರುವಾದ ಮೇಲೆ ನಿಲ್ಲೋ ಹಾಗಿಲ್ಲ. ಬಿದ್ದರೆ ಎದ್ದು ಮ್ಯೂಸಿಕ್ ಎಲ್ಲಿದೆಯೋ ಅಲ್ಲಿಗೆ ಸೇರಿಕೊಳ್ಳಬೇಕು, ತಪ್ಪಿದ ಜಂಪನ್ನ ಮುಗಿದ ತಕ್ಷಣ ಮತ್ತೆ ಹಾಕಿ ಸಮಾಧಾನ ಮಾಡಿಕೊಳ್ಳೋದೂ ಬೇಡ. ಜಂಪ್ ತಪ್ಪಿದಾಗ ನಿಲ್ಲಿಸಿ ಮೊದಲಿಂದ ಹಾಕಿಸಿಕೊಳ್ಳೋ ಅಭ್ಯಾಸ ಇದ್ದವರಿಗೆ, ತಪ್ಪಿದ ಮೇಲೂ ಸ್ಕೇಟ್ ಮಾಡೋದು ಅಂದರೇನು ಅಂತಲೇ ಗೊತ್ತಿರಲ್ಲ. ನೀವು ಹೇಳಿದ "ಉಳಿದದ್ದೂ ಕೈಕೊಡುತ್ತೆ" ಅನ್ನೋದರ ಬೇರು ಇದೇ ಅನ್ನಿಸುತ್ತೆ.

ಆರು ವಾರದಲ್ಲಿ ಮೊದಲ ಎರಡು ವಾರ ಮೊದಲ ಯತ್ನದ ಲೆಕ್ಕ, ಎಂಟ್ರಿ, ಪ್ರೋಗ್ರಾಂನ ಅರ್ಧರ್ಧ ಭಾಗಗಳು. ಮುಂದಿನ ಮೂರು ವಾರ ದಿನಕ್ಕೊಂದು ಪೂರ್ತಿ ರನ್‌ಥ್ರೂ, ಶಾರ್ಟ್ ಒಂದು ದಿನ, ಫ್ರೀ ಒಂದು ದಿನ. ಸ್ಟ್ಯಾಮಿನಾ ಸಾಲದಿದ್ದರೆ ಫ್ರೀಯ ಎರಡನೇ ಅರ್ಧ ಮುಗಿಸಿ, ಒಂದು ನಿಮಿಷ ಬಿಟ್ಟು ಪೂರ್ತಿ. ವಾರಕ್ಕೊಂದು ಸಲ ಅಣಕು ಸ್ಪರ್ಧೆ: ಡ್ರೆಸ್, ಕೂದಲು, 6 ನಿಮಿಷದ ವಾರ್ಮ್‌ಅಪ್, ಆಮೇಲೆ ಬೇಕಂತಲೇ ಕಾಯಿಸೋದು, ಹೆಸರು ಕೂಗೋದು, ಒಂದೇ ಸಲ ಮ್ಯೂಸಿಕ್. ಕೊನೇ ವಾರ ಜಂಪ್‌ಗಳನ್ನ ಅರ್ಧಕ್ಕೆ ಇಳಿಸಿ, ಹೊಸ ಸ್ಟೆಪ್ ಯಾವುದನ್ನೂ ಸೇರಿಸಬೇಡಿ.

ಪ್ರೋಟೋಕಾಲ್_ಓದುಗ

ಮೇಲಿನದಕ್ಕೆ ಅಂಕದ ಲೆಕ್ಕ ಸೇರಿಸ್ತೀನಿ. ಅಂಕ ಎಲ್ಲಿ ಹೋಗುತ್ತೆ ಅಂತ ಗೊತ್ತಿಲ್ಲದೆ ಮಕ್ಕಳು ಒಂದು ತಪ್ಪಿಗೇ ಎಲ್ಲಾ ಮುಗೀತು ಅಂದುಕೊಳ್ತಾರೆ.

ಡಬಲ್ ಆಕ್ಸೆಲ್‌ನ ಮೂಲ ಮೌಲ್ಯ 3.30, ಸಿಂಗಲ್‌ದು 1.10. ಜಿಒಇ (ಜಂಪಿನ ಗುಣಮಟ್ಟಕ್ಕೆ ಜಡ್ಜ್‌ಗಳು ಕೊಡೋ ಅಂಕ) ಮೈನಸ್ 5ರಿಂದ ಪ್ಲಸ್ 5ರವರೆಗೆ, ಒಂದೊಂದು ಮೆಟ್ಟಿಲಿಗೂ ಮೂಲ ಮೌಲ್ಯದ ಶೇ 10. ಪೂರ್ತಿ ಸುತ್ತಿ ಬಿದ್ದರೆ 3.30ರಲ್ಲಿ 1.65 ಹೋಗುತ್ತೆ, ಬಿದ್ದದ್ದಕ್ಕೆ ಇನ್ನೊಂದು ಅಂಕ ಕಡಿತ, ಕೈಗೆ ಸಿಗೋದು 0.65. ಫ್ರೀ ಸ್ಕೇಟಲ್ಲಿ ನೀಟಾಗಿ ಇಳಿದ ಸಿಂಗಲ್‌ಗೆ 1.10 ಸಿಗುತ್ತೆ. ಅಂದರೆ ಅಲ್ಲಿ ಪಾಪ್ ಆದರೆ ನಷ್ಟ ಎರಡು ಅಂಕದ ಆಸುಪಾಸು, ಅಷ್ಟೇ. ಒಳ್ಳೇ ಸ್ಪಿನ್‌ಗಳಲ್ಲಿ, ಸ್ಟೆಪ್ ಸೀಕ್ವೆನ್ಸಲ್ಲಿ ಅದನ್ನ ಸಾಕಷ್ಟು ತುಂಬಿಕೊಳ್ಳಬಹುದು.

ಶಾರ್ಟ್ ಪ್ರೋಗ್ರಾಂನಲ್ಲಿ ಕಥೆಯೇ ಬೇರೆ. ಜೂನಿಯರ್ ಹುಡುಗಿಯರಿಗೆ ಅಲ್ಲಿ ಡಬಲ್ ಆಕ್ಸೆಲ್ ಕಡ್ಡಾಯ, ಸಿಂಗಲ್ ಆದರೆ ಸೊನ್ನೆ. ಬಿದ್ದರೂ 0.65 ಇದೆ. ಕಾಲು ಭಾಗಕ್ಕಿಂತ ಹೆಚ್ಚು ಸುತ್ತು ಕಮ್ಮಿಯಾಗಿ ಬಿದ್ದರೆ ಮೂಲ ಮೌಲ್ಯ ಶೇ 80ಕ್ಕೆ ಇಳಿದು 2.64 ಆಗುತ್ತೆ, ಕೊನೆಗೆ ಉಳಿಯೋದು 0.32. ಆದರೂ ಸೊನ್ನೆಗಿಂತ ಮೇಲು. ಆದ್ದರಿಂದ ಶಾರ್ಟಲ್ಲಿ "ಕೈ ಬಿಗಿಯಾಗಿ ಹಿಡಿ, ಆಮೇಲೆ ಏನಾದರೂ ಆಗಲಿ" ಅನ್ನೋದು ಲೆಕ್ಕದ ಪ್ರಕಾರವೂ ಸರಿ. (ಟೇಕ್‌ಆಫಲ್ಲೇ ಅಪಾಯಕರವಾಗಿ ವಾಲಿದ್ದರೆ ಬಿಚ್ಚಲೇಬೇಕು, ಮೂಳೆಗಿಂತ ಅಂಕ ದೊಡ್ಡದಲ್ಲ.)

ಫ್ರೀಯಲ್ಲಿ ಪ್ಲಾನ್ ಬಿ ಕಾಗದದ ಮೇಲೆ ಇರಬೇಕು. ಜಂಪ್ ಎಲಿಮೆಂಟ್‌ಗೂ ಕಾಂಬಿನೇಷನ್‌ಗೂ (ಬೆನ್ನುಬೆನ್ನಿಗೆ ಹಾಕೋ ಜಂಪ್‌ಗಳು) ಮಿತಿ ಇದೆ. ಮೊದಲ ಕಾಂಬಿನೇಷನ್ ಮುರಿದುಬಿದ್ದರೆ ಅದರಲ್ಲಿದ್ದ ಡಬಲ್ ಟೋ ಲೂಪ್ ಜಂಪನ್ನ ಮುಂದೆ ಯಾವ ಜಂಪಿಗೆ ಅಂಟಿಸಬೇಕು ಅಂತ ಮೊದಲೇ ತೀರ್ಮಾನ ಆಗಿರಲಿ. ಒಂದೇ ಡಬಲ್ ಜಂಪ್ ಎರಡಕ್ಕಿಂತ ಹೆಚ್ಚು ಸಲ ಬಂದರೆ ಮೂರನೆಯದಕ್ಕೆ ಅಂಕ ಇಲ್ಲ, ಗಾಬರಿಯಲ್ಲಿ ಮಕ್ಕಳು ಎಡವೋದು ಇಲ್ಲೇ. ಪ್ಲಾನ್ ಬಿಯನ್ನೂ ಮ್ಯೂಸಿಕ್ ಜೊತೆ ರನ್‌ಥ್ರೂ ಮಾಡಿಸಿ. ಕೋಚ್ ಬೋರ್ಡ್ ಪಕ್ಕದಿಂದ "ಇವತ್ತು ಮೊದಲ ಕಾಂಬಿನೇಷನ್ ಇಲ್ಲ" ಅಂತ ಕೂಗಿ, ಅವಳು ಹಾಗೇ ಸ್ಕೇಟ್ ಮಾಡಬೇಕು.

ಮಗಳಿಗೆ ಎರಡು ಹೆಸರು ಹೇಳಿ. 2014ರ ಸೋಚಿ ಒಲಿಂಪಿಕ್ಸಲ್ಲಿ ಜಪಾನಿನ ಮಾವೊ ಅಸಾದಾ ಶಾರ್ಟಲ್ಲಿ ಟ್ರಿಪಲ್ ಆಕ್ಸೆಲ್‌ಗೆ ಬಿದ್ದು 55.51 ಅಂಕದೊಂದಿಗೆ 16ನೇ ಸ್ಥಾನದಲ್ಲಿದ್ದರು. ಮರುದಿನ ಫ್ರೀಯಲ್ಲಿ 142.71 ತಗೊಂಡು 6ನೇ ಸ್ಥಾನಕ್ಕೆ ಬಂದರು. 2018ರಲ್ಲಿ ಪ್ಯೊಂಗ್‌ಚಾಂಗಲ್ಲಿ ಅಮೆರಿಕದ ನೇಥನ್ ಚೆನ್ ಶಾರ್ಟಲ್ಲಿ 82.27ಕ್ಕೆ ಕುಸಿದು 17ನೇಯವರಾದರು, ಫ್ರೀಯಲ್ಲಿ ಆರು ಕ್ವಾಡ್ (ನಾಲ್ಕು ಸುತ್ತಿನ ಜಂಪ್) ಹಾಕಿ 215.08 ಗಳಿಸಿ 5ನೇ ಸ್ಥಾನಕ್ಕೇರಿದರು. ನಾಲ್ಕು ವರ್ಷದ ಮೇಲೆ ಬೀಜಿಂಗಲ್ಲಿ ಚಿನ್ನ ಅವರದೇ.

ಬ್ಲೇಡ್_ಬೂಟು

ಮನಸ್ಸು, ಟೆಕ್ನಿಕ್ ಎಲ್ಲಾ ಸರಿ, ಕಾಲಿನ ಕೆಳಗೆ ಏನಿದೆ ಅಂತಲೂ ನೋಡಿ. ಆಕ್ಸೆಲ್ ಟೇಕ್‌ಆಫ್ ಒಂದು ದಿನ ಹಿಡಿದು ಒಂದು ದಿನ ಜಾರಿದರೆ ಎಡ ಬ್ಲೇಡಿನ ಎರಡು ಎಡ್ಜ್ ಸಮ ಇದೆಯಾ ಪರೀಕ್ಷಿಸಿ. ಬೂಟನ್ನ ತಲೆಕೆಳಗೆ ಹಿಡಿದು ಬ್ಲೇಡಿನ ಮೇಲೆ ಅಡ್ಡಲಾಗಿ ಒಂದು ಕ್ರೆಡಿಟ್ ಕಾರ್ಡ್ ಇಡಿ. ಕಾರ್ಡ್ ಬ್ಲೇಡಿಗೆ ನೇರ ಲಂಬವಾಗಿ ಕೂರಬೇಕು. ಒಂದು ಕಡೆ ವಾಲಿದರೆ ಒಂದು ಎಡ್ಜ್ ಎತ್ತರ ಅಂತ ಅರ್ಥ, ಶಾರ್ಪನಿಂಗ್ ಮಾಡಿದವರ ಹತ್ತಿರ ವಾಪಸ್ ಹೋಗಿ.

ಶಾರ್ಪನಿಂಗನ್ನ ಸ್ಪರ್ಧೆಗೆ ಏಳರಿಂದ ಹತ್ತು ದಿನ ಮುಂಚೆ ಮಾಡಿಸಿ, ಹಿಂದಿನ ದಿನ ಖಂಡಿತ ಬೇಡ. ಹೊಸ ಎಡ್ಜ್ ಐಸನ್ನ ಜಾಸ್ತಿ ಕಚ್ಚುತ್ತೆ, ಲ್ಯಾಂಡಿಂಗಲ್ಲಿ ಕಾಲು ಜಾರಿ ಹರಿಯೋ ಬದಲು ಗಕ್ಕನೆ ನಿಲ್ಲುತ್ತೆ. ಪ್ರತಿ ಸಲವೂ ಒಬ್ಬರೇ, ಒಂದೇ ಹಾಲೋ (ಬ್ಲೇಡಿನ ತಳದ ತೋಡಿನ ಅಳತೆ). ಅರ್ಧ ಇಂಚಿಗೆ ಒಗ್ಗಿದವಳಿಗೆ 7/16 ಮಾಡಿಕೊಟ್ಟರೆ ಅವಳ ಟೈಮಿಂಗೇ ಕೆಡುತ್ತೆ. ಬೂಟಿನ ಹಿಮ್ಮಡಿಗಂಟಿನ ಹತ್ತಿರ ಆಳವಾದ ಮಡಿಕೆ ಬಿದ್ದು ಮೆತ್ತಗಾಗಿದ್ದರೆ ಟೇಕ್‌ಆಫಲ್ಲಿ ಕಾಲು ಒಳಕ್ಕೆ ಕುಸಿಯುತ್ತೆ. ಆದರೆ ಹೊಸ ಬೂಟು ಹಾಕೋದಾದರೆ ಈ ವಾರವೇ ಹಾಕಿ, ಸ್ಪರ್ಧೆಗೆ ಮೂರು ವಾರ ಒಳಗೆ ಬೇಡ.

ಬ್ಯಾಗಲ್ಲಿ ಒಂದು ಜೊತೆ ಲೇಸ್, ಸ್ಕ್ರೂಡ್ರೈವರ್, ಒಂದು ಜೊತೆ ಟೈಟ್ಸ್ ಹೆಚ್ಚಿಗೆ ಇರಲಿ. ಸ್ಪರ್ಧೆಗೆ ವಿಮಾನದಲ್ಲಿ ಹೋಗೋದಾದರೆ ಅಮೆರಿಕದಲ್ಲಿ ಸ್ಕೇಟ್‌ಗಳನ್ನ ಕ್ಯಾಬಿನ್ ಬ್ಯಾಗಲ್ಲೇ ಒಯ್ಯಬಹುದು, ಲಗೇಜಿಗೆ ಹಾಕಬೇಡಿ. ರಿಂಕ್ ಅಳತೆಯನ್ನೂ ಕೇಳಿಕೊಳ್ಳಿ. ಅಮೆರಿಕದ ಐಸ್ ಹಾಕಿ ರಿಂಕ್ 200 ಅಡಿಗೆ 85 ಅಡಿ, ಒಲಿಂಪಿಕ್ ಅಳತೆ 60 ಮೀಟರ್‌ಗೆ 30 ಮೀಟರ್. ಅಗಲದಲ್ಲಿ ನಾಲ್ಕು ಮೀಟರ್ ವ್ಯತ್ಯಾಸ ಅಂದರೆ ಕ್ರಾಸ್‌ಓವರ್ (ಕಾಲು ಅಡ್ಡ ಹಾಕಿ ವೇಗ ಪಡೆಯೋ ಹೆಜ್ಜೆ) ಎಣಿಕೆ ಬದಲಾಗುತ್ತೆ.

ನ್ಯೂಜೆರ್ಸಿ_ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ವಿಡಿಯೋ ಹಾಕಿ ನೋಡಿದೆ. ಸ್ಪರ್ಧೆಯಲ್ಲಿ ಬ್ಯಾಕ್ ಎಡ್ಜ್ ನಿಜಕ್ಕೂ ಗಿಡ್ಡ ಇದೆ. ಇನ್ನೆರಡು ಪ್ರಶ್ನೆ: 6 ನಿಮಿಷದ ವಾರ್ಮ್‌ಅಪ್ ಹೇಗೆ ಹಂಚಬೇಕು? ಗುಂಪಿನಲ್ಲಿ ಕೊನೆಯವಳಾಗಿ ಬಂದರೆ ಏನು ಮಾಡಬೇಕು? ಮತ್ತೆ, ಈ ವರ್ಷ ಉದ್ದ ಬೇರೆ ಆಗಿದ್ದಾಳೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಎಡ್ಜ್_ಕೋಚ್

ಮೊದಲ ನಿಮಿಷ ಬರೀ ಸ್ಟ್ರೋಕಿಂಗ್, ಎಡ್ಜ್‌ಗಳು, ಐಸ್ ಗಟ್ಟಿಯೋ ಮೆತ್ತಗೋ ಅಂತ ಕಾಲಿಗೆ ತಿಳೀಲಿ. ಎರಡನೇ ನಿಮಿಷ ಸಿಂಗಲ್ ಆಕ್ಸೆಲ್, ಒಂದು ಡಬಲ್. ಮೂರನೇ ನಿಮಿಷದಲ್ಲಿ ಡಬಲ್ ಆಕ್ಸೆಲ್, ನಾಲ್ಕರಲ್ಲಿ ಸಾಲ್ಕೋ ಮತ್ತೆ ಕಾಂಬಿನೇಷನ್. ಐದರಲ್ಲಿ ಒಂದು ಸ್ಪಿನ್, ಬಾಕಿ ಸಮಯ ಪ್ರೋಗ್ರಾಂನ ಮೊದಲ ಕೆಲವು ಸ್ಟೆಪ್. ಯಾವ ಜಂಪಿಗೂ ಎರಡು ಯತ್ನ, ಹೆಚ್ಚಂದರೆ ಮೂರು. ಬರದಿದ್ದರೆ ಸಿಂಗಲ್ ಆಕ್ಸೆಲ್ ಒಂದನ್ನ ಚೆನ್ನಾಗಿ ಇಳಿಸಿ ಹೊರಗೆ ಬರಲಿ.

ಮೊದಲು ಸ್ಕೇಟ್ ಮಾಡೋದಾದರೆ ಐದು ನಿಮಿಷಕ್ಕೇ ನಿಲ್ಲಿಸಿ ಉಸಿರು ತಗೊಳ್ಳಲಿ. ಆರನೆಯವಳಾದರೆ ಅರ್ಧ ಗಂಟೆಯ ಹತ್ತಿರ ಕಾಯಬೇಕಾಗುತ್ತೆ. ಲೇಸ್ ಸಡಿಲಿಸಿ, ಜಾಕೆಟ್ ಹಾಕಿ, ನಡೆದಾಡ್ತಾ ಇರಲಿ, ಕೂತುಬಿಡೋದು ಬೇಡ. ತನ್ನ ಸರದಿಗೆ ಹತ್ತು ನಿಮಿಷ ಮುಂಚೆ ಲೇಸ್ ಕಟ್ಟಿ, ಬ್ಲೇಡಿಗೆ ಗಾರ್ಡ್ ಹಾಕಿಕೊಂಡೇ ಆಕ್ಸೆಲ್ ಎಂಟ್ರಿಯನ್ನ ನೆಲದ ಮೇಲೆ ನಡೆದು ನೋಡಲಿ. ಕಣ್ಣು ಮುಚ್ಚಿ ಮೊದಲ 30 ಸೆಕೆಂಡಿನ ಮ್ಯೂಸಿಕನ್ನ ಅದರ ನಿಜವಾದ ವೇಗದಲ್ಲೇ ಮನಸ್ಸಲ್ಲಿ ಓಡಿಸಲಿ. ಉಸಿರು ಒಳಕ್ಕೆ ನಾಲ್ಕು ಎಣಿಕೆ, ಹೊರಕ್ಕೆ ಆರು. ಬೇರೆಯವರ ಸ್ಕೋರ್ ನೋಡೋದು ಬೇಡ.

ಫಿಸಿಯೋ_ಅಕ್ಕ

ಸಂಬಂಧ ಇದೆ. ಕೈಕಾಲು ಉದ್ದ ಆದಾಗ ಅದೇ ಬಲಕ್ಕೆ ಸುತ್ತು ನಿಧಾನ ಆಗುತ್ತೆ, ಭಾರದ ಕೇಂದ್ರ ಮೇಲೇರುತ್ತೆ, ಹಳೇ ಟೈಮಿಂಗಲ್ಲಿ ಕೈ ಕಟ್ಟಿದರೆ ಸಾಲಲ್ಲ. ಹೊಸ ದೇಹಕ್ಕೆ ಹೊಂದಿಕೊಳ್ಳೋಕೆ ಕೆಲವು ತಿಂಗಳೇ ಬೇಕಾಗಬಹುದು. ಇದನ್ನ ಅವಳಿಗೂ ಹೇಳಿ, ಯಾಕಂದರೆ ಅವಳು ಅದನ್ನ ತನ್ನ ಧೈರ್ಯದ ಕೊರತೆ ಅಂದುಕೊಂಡಿರ್ತಾಳೆ. ಅವಸರವೂ ಇಲ್ಲ. 2024-25ರ ಸೀಸನ್ನಿಂದ ಐಎಸ್‌ಯು (ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ) ಸೀನಿಯರ್ ಸ್ಪರ್ಧೆಗಳಿಗೆ ಕನಿಷ್ಠ ವಯಸ್ಸು 17.

ಬೆಳೆಯೋ ವಯಸ್ಸಲ್ಲಿ ಮಂಡಿ ಚಿಪ್ಪಿನ ಕೆಳಗೆ ನೋವು, ಹಿಮ್ಮಡಿ ನೋವು ಬಂದರೆ ಜಂಪ್ ಕಮ್ಮಿ ಮಾಡಿ. ಬೆನ್ನು ಹಿಂದಕ್ಕೆ ಬಗ್ಗಿಸಿದಾಗ ಸೊಂಟದ ಹತ್ತಿರ ನೋವು ಎರಡು ವಾರ ಬಿಡದಿದ್ದರೆ ಸ್ಪೋರ್ಟ್ಸ್ ಡಾಕ್ಟರ್ ಹತ್ತಿರ ಹೋಗಲೇಬೇಕು, ಈ ಆಟದಲ್ಲಿ ಬೆನ್ನುಮೂಳೆಗೆ ಸ್ಟ್ರೆಸ್ ಫ್ರಾಕ್ಚರ್ ಆಗೋದು ಅಪರೂಪವಲ್ಲ. ಮುಟ್ಟು ನಿಂತುಹೋಗಿದ್ದರೆ ಅಥವಾ ತಿಂಗಳುಗಟ್ಟಲೆ ತಪ್ಪಿದರೆ ಊಟ ಸಾಲ್ತಿಲ್ಲ ಅನ್ನೋದರ ಸೂಚನೆ ಇರಬಹುದು, ಅದನ್ನೂ ಡಾಕ್ಟರಿಗೆ ಹೇಳಿ. ಸ್ಪರ್ಧೆ ದಿನ ಎರಡೂವರೆ ಮೂರು ಗಂಟೆ ಮುಂಚೆ ಇಡ್ಲಿ, ಉಪ್ಪಿಟ್ಟು, ಮೊಸರನ್ನ, ಯಾವುದು ಮಾಮೂಲಿಯೋ ಅದೇ. ಮುಕ್ಕಾಲು ಗಂಟೆ ಇರುವಾಗ ಒಂದು ಬಾಳೆಹಣ್ಣು.

ನೀವೇನು ಹೇಳಬೇಕು ಅಂದರೆ, "ಪಾಪ್ ಮಾಡಬೇಡ", "ಬೀಳಬೇಡ" ಅನ್ನೋದು ಬಾಯಲ್ಲಿ ಬರಲೇಬಾರದು, ಕೇಳಿದ ತಕ್ಷಣ ಅವಳ ಕಣ್ಣಿಗೆ ಕಟ್ಟೋದು ಅದೇ ಚಿತ್ರ. ಟೆಕ್ನಿಕ್ ಮಾತು ಕೋಚಿಗೆ ಬಿಡಿ. ಸ್ಕೋರ್ ಶೀಟನ್ನ ಕಾರಲ್ಲಿ ಬಿಚ್ಚಬೇಡಿ, ಮರುದಿನ ಕೋಚ್ ಜೊತೆ ಕೂತು ನೋಡಲಿ. ಸ್ಪರ್ಧೆ ಮುಗಿಸಿ ಬಂದವಳಿಗೆ "ಹಸಿವಾಗಿದೆಯಾ ಪುಟ್ಟಿ?" ಅಂತ ಕೇಳಿ, ಮಾತು ಅವಳೇ ತೆಗೆದರೆ ಕಿವಿಗೊಡಿ.