ಮೆಟಲ್‌ಕೋರ್: ಆ್ಯಪ್‌ನ್ಯಾಗ ತಿರಿಗಿ ತಿರಿಗಿ ಅವ ಬ್ಯಾಂಡ್ ಬರ್ತಾವ, ಹೊಸವು ಹುಡುಕೂದು ಹೆಂಗ?

ಟಿಳಕವಾಡಿ_ರಿಫ್ (ಬೆಳಗಾವಿ)

ಎಲ್ಲಾರಿಗೂ ನಮಸ್ಕಾರ್ರಿ. ಹೆವಿ ಮೆಟಲ್ ಮತ್ತ ಹಾರ್ಡ್‌ಕೋರ್ ಪಂಕ್ ಕೂಡಿ ಆದ ಮೆಟಲ್‌ಕೋರ್ ಸಂಗೀತದ ಹುಚ್ಚು ನನಗ. ಕಿಲ್‌ಸ್ವಿಚ್ ಎಂಗೇಜ್, ಆಗಸ್ಟ್ ಬರ್ನ್ಸ್ ರೆಡ್, ಪಾರ್ಕ್‌ವೇ ಡ್ರೈವ್, ಆರ್ಕಿಟೆಕ್ಟ್ಸ್, ಈ ನಾಕೂ ಬ್ಯಾಂಡಿನ ಆಲ್ಬಮ್ ಪೂರ್ತಿ ಕೇಳಿ ಆಗ್ಯಾವ. ಇನ್ನ ಮುಂದ ದಾರಿ ತಿಳೀವಲ್ದು. ಆ್ಯಪ್‌ನ್ಯಾಗ ರೇಡಿಯೊ ಹಚ್ಚಿದ್ರ ತಿರಿಗಿ ಇವ ಬರ್ತಾವ. ಹೊಸವು ಬಂದ್ರೂ ಒಂದಕ್ಕ ಒಂದು ಫರಕ ಗೊತ್ತಾಗೂದಿಲ್ಲ, ಎಲ್ಲಾ ಒಂದ ಅಚ್ಚಿನ್ಯಾಗ ಒತ್ತಿದಂಗ ಕೇಳ್ತಾವ. ಫರಕ ತಿಳಿಬೇಕಂದ್ರ ಕಿವಿ ಎಲ್ಲಿಡಬೇಕು? ಬ್ಯಾಂಡುಗಳನ್ನ ಬೆನ್ನಹತ್ತೂ ಪದ್ಧತಿ ಏನು, ಹೊಸ ಆಲ್ಬಮ್ ತಪ್ಪಬಾರದು. ಮತ್ತ ಬೆಳಗಾವಿಯಿಂದ ಲೈವ್ ನೋಡಾಕ ಹೋಗೂದು ಹೆಂಗ? ಗೊತ್ತಿದ್ದವರು ಬಿಡಿಸಿ ಹೇಳ್ರಿ.

ಗುಮ್ಮಟ_ಡ್ರಾಪ್‌ಸಿ (ವಿಜಯಪುರ)

ಆ್ಯಪ್ ನಂಬಿ ಕೂಡಬ್ಯಾಡ್ರಿ. ಅದು ನೋಡೂದು ನಿಮ್ಮಂಥಾ ಮಂದಿ ಇನ್ನೇನ್ ಕೇಳ್ಯಾರ ಅಂತ ಅಷ್ಟ. ಹೆಚ್ಚು ಮಂದಿ ಕೇಳಿದ್ದ ಮತ್ತ ನಿಮ್ಮ ಮುಂದ ಬಂದು ಬೀಳ್ತದ. ಅದರ ಬದ್ಲಿ ಆಲ್ಬಮ್ ಮಾಡಿದ ಕೈ ಯಾವ್ದು ಅಂತ ಹುಡುಕ್ರಿ. ಡಿಸ್ಕಾಗ್ಸ್ ಅನ್ನೂ ಆಲ್ಬಮ್ ಮಾಹಿತಿ ತಾಣದಾಗ ನಿಮಗ ಸೇರಿದ ಆಲ್ಬಮ್ ತೆಗೀರಿ, ಕೆಳಗ ಪ್ರೊಡ್ಯೂಸರ್, ಮಿಕ್ಸ್, ಸ್ಟುಡಿಯೊ ಎಲ್ಲಾ ಬರದಿರ್ತದ. ಆ ಹೆಸರು ಒತ್ತಿದ್ರ ಅವರು ಕೈ ಹಚ್ಚಿದ ಉಳಿದ ಆಲ್ಬಮ್ ಸಾಲಾಗಿ ಬರ್ತಾವ.

ನಿಮ್ಮ ಪಟ್ಟಿ ಒಳಗ ಈಗಾಗ್ಲೇ ಒಂದು ಎಳಿ ಅದ ನೋಡ್ರಿ. ಕಿಲ್‌ಸ್ವಿಚ್ ಎಂಗೇಜ್‌ನ ಗಿಟಾರ್ ವಾದಕ ಆ್ಯಡಮ್ ಡುಟ್ಕೆವಿಚ್ ಪ್ರೊಡ್ಯೂಸರ್ ಸೈತ ಹೌದು. ಪಾರ್ಕ್‌ವೇ ಡ್ರೈವ್‌ನ ಮೊದಲ ಎರಡು ಆಲ್ಬಮ್, 2005ರ 'ಕಿಲಿಂಗ್ ವಿತ್ ಎ ಸ್ಮೈಲ್', 2007ರ 'ಹೊರೈಜನ್ಸ್', ಎರಡೂ ಅವನವ. ಅದ ಕೈಯಿಂದ ಬಂದದ್ದು ಅನ್‌ಅರ್ಥ್‌ನ 'ದಿ ಆನ್‌ಕಮಿಂಗ್ ಸ್ಟಾರ್ಮ್' (2004), ಆಲ್ ದಟ್ ರಿಮೇನ್ಸ್‌ನ 'ದ ಫಾಲ್ ಆಫ್ ಐಡಿಯಲ್ಸ್' (2006). ಆಸ್ಟ್ರೇಲಿಯಾದ ಬೈರನ್ ಬೇ ಹುಡುಗರ ಧ್ವನಿ ಅಮೆರಿಕದ ಮ್ಯಾಸಚೂಸೆಟ್ಸ್ ಬ್ಯಾಂಡಿಗೆ ಯಾಕ ಹತ್ತಿರ ಕೇಳ್ತದ ಅನ್ನೂದಕ್ಕ ಉತ್ತರ ಇಲ್ಲೇ ಅದ.

ಎರಡನೇ ಎಳಿ ಆರ್ಕಿಟೆಕ್ಟ್ಸ್ ಕಡಿಂದ ಹಿಡೀರಿ. ಅವರ 2014ರ 'ಲಾಸ್ಟ್ ಫಾರೆವರ್, ಲಾಸ್ಟ್ ಟುಗೆದರ್' ಮಾಡಿದ್ದು ಸ್ವೀಡನ್‌ನ ಫ್ರೆಡ್ರಿಕ್ ನಾರ್ಡ್‌ಸ್ಟ್ರಾಮ್ ಮತ್ತ ಹೆನ್ರಿಕ್ ಉಡ್. ಬ್ರಿಂಗ್ ಮಿ ದ ಹೊರೈಜನ್‌ನ 2008ರ 'ಸೂಸೈಡ್ ಸೀಸನ್' ಇದ ನಾರ್ಡ್‌ಸ್ಟ್ರಾಮ್‌ದು. ಹಿಂದಕ್ಕ ಹೋದ್ರ ಅವನ ಸ್ಟುಡಿಯೊ ಫ್ರೆಡ್‌ಮನ್‌ನ್ಯಾಗ 1995ಕ್ಕ ಆ್ಯಟ್ ದ ಗೇಟ್ಸ್ 'ಸ್ಲಾಟರ್ ಆಫ್ ದ ಸೋಲ್' ರೆಕಾರ್ಡ್ ಮಾಡಿತ್ತು. ಅದು ಡೆತ್ ಮೆಟಲ್ ಆಲ್ಬಮ್ ಖರೆ, ಆದ್ರ 2000ರ ಸುತ್ತಮುತ್ತ ಬಂದ ಅಮೆರಿಕದ ಮೆಟಲ್‌ಕೋರ್ ಬ್ಯಾಂಡುಗಳು ಅದರ ರಿಫ್ (ತಿರಿಗಿ ತಿರಿಗಿ ಬರೂ ಗಿಟಾರ್ ತುಣುಕು) ಎತ್ತಿಕೊಂಡು ಹಾರ್ಡ್‌ಕೋರ್ ಬ್ರೇಕ್‌ಡೌನ್‌ಗೆ (ಲಯ ಒಮ್ಮೆಲೇ ನಿಧಾನ ಅನಿಸೂ ಭಾರೀ ಭಾಗಕ್ಕ) ಕೂಡಿಸಿದ್ವು. ಇದನ್ನ ಕೇಳದ ಮೆಲೊಡಿಕ್ ಮೆಟಲ್‌ಕೋರ್ ಪೂರ್ತಿ ತಿಳಿಯೂದಿಲ್ಲ ಅನ್ನೂದು ನನ್ನ ಖಂಡಿತ ಮಾತು.

ಇನ್ನ ಒರಟು ಧ್ವನಿ ಬೇಕಂದ್ರ ಎರಡು ಹೆಸರು ಬರಕೊಳ್ರಿ. ಕನ್ವರ್ಜ್‌ನ ಗಿಟಾರ್ ವಾದಕ ಕರ್ಟ್ ಬಲೂ, ಅವನ ಸ್ಟುಡಿಯೊ ಗಾಡ್‌ಸಿಟಿ. 2001ರ 'ಜೇನ್ ಡೋ' ಕೇಳಿ, ಆಮ್ಯಾಲ ಕೋಡ್ ಆರೆಂಜ್‌ನ 'ಐ ಆ್ಯಮ್ ಕಿಂಗ್' (2014) ಕೇಳ್ರಿ. ಇನ್ನೊಬ್ಬ ಫಿಟ್ ಫಾರ್ ಆ್ಯನ್ ಆಟೊಪ್ಸಿಯ ವಿಲ್ ಪಟ್ನಿ: ನಾಕ್ಡ್ ಲೂಸ್‌ನ 'ಎ ಡಿಫರೆಂಟ್ ಶೇಡ್ ಆಫ್ ಬ್ಲೂ' (2019), ಎವ್ರಿ ಟೈಮ್ ಐ ಡೈನ 'ಲೋ ಟೀನ್ಸ್' (2016).

ಹಾಡಿನ ಹೆಸರಿನ ಮುಂದ 'ಫೀಟ್' (feat., ಅಂದ್ರ ಹೊರಗಿನವರೂ ಬಂದು ಹಾಡ್ಯಾರ) ಅಂತ ಇದ್ರ ಬಿಡಬ್ಯಾಡ್ರಿ. ಬ್ರಿಂಗ್ ಮಿ ದ ಹೊರೈಜನ್‌ನ 'ದ ಸ್ಯಾಡ್‌ನೆಸ್ ವಿಲ್ ನೆವರ್ ಎಂಡ್'ನ್ಯಾಗ ಹಾಡ್ಯಾನ ಆರ್ಕಿಟೆಕ್ಟ್ಸ್‌ನ ಸ್ಯಾಮ್ ಕಾರ್ಟರ್. ಆರ್ಕಿಟೆಕ್ಟ್ಸ್‌ನ 'ಇಂಪರ್ಮನೆನ್ಸ್'ನ್ಯಾಗ (2021) ಪಾರ್ಕ್‌ವೇ ಡ್ರೈವ್‌ನ ವಿನ್‌ಸ್ಟನ್ ಮೆಕಾಲ್ ಬಂದಾನ. ಬ್ಯಾಂಡಿನವರು ತಾವಾಗೇ ಕರದು ಹಾಡಿಸಿದವರ ಮ್ಯಾಲ ಆ್ಯಪ್‌ಗಿಂತ ಹೆಚ್ಚು ಭರೋಸಾ ಇಡಬಹುದು.

ಒಂದು ತೊಡಕು ಹೇಳಿಬಿಡ್ತೀನಿ. ಎನ್‌ಸೈಕ್ಲೊಪೀಡಿಯಾ ಮೆಟಲಮ್ ಅನ್ನೂ ಮೆಟಲ್ ಬ್ಯಾಂಡುಗಳ ತಾಣದಾಗ ಹುಡುಕಿ ಸಿಗಲಿಲ್ಲ ಅಂತ ಬ್ಯಾಂಡ್ ಸಣ್ಣದು ಅನ್ಕೋಬ್ಯಾಡ್ರಿ. ಹಾರ್ಡ್‌ಕೋರ್ ಕಡೆ ವಾಲಿದ್ದನ್ನ ಅವರು ಸೇರಿಸೂದೇ ಇಲ್ಲ. ಮೆಟಲ್‌ಕೋರ್‌ಗೆ ಡಿಸ್ಕಾಗ್ಸ್, ಅದರಂಥಾದ್ದ ತಾಣ ಮ್ಯೂಸಿಕ್‌ಬ್ರೇನ್ಜ್, ಎರಡ ಸಾಕು.

ಘಟಪ್ರಭಾ_ಡಬಲ್‌ಕಿಕ್ (ಬಾಗಲಕೋಟಿ)

ಎಲ್ಲಾ ಒಂದ ಥರಾ ಕೇಳ್ತಾವ ಅಂದ್ರೆಲ್ಲ, ಅದರಾಗ ಅರ್ಧ ತಪ್ಪು ರೆಕಾರ್ಡಿಂಗಿಂದು. ಈಗಿನ ಭಾಳ ಆಲ್ಬಮ್‌ನ್ಯಾಗ ಬಾರಿಸಿದ ಡ್ರಮ್ ತಗದು ಅದರ ಜಾಗಾಕ್ಕ ಸ್ಯಾಂಪಲ್ (ಮೊದಲ ರೆಕಾರ್ಡ್ ಮಾಡಿಟ್ಟ ಪೆಟ್ಟು) ಕೂಡಸ್ತಾರ. ಗಿಟಾರ್ ನಿಜವಾದ ಆ್ಯಂಪ್‌ಗೆ ಹೋಗೂದಿಲ್ಲ, ಸಾಫ್ಟ್‌ವೇರ್‌ನ್ಯಾಗ ಧ್ವನಿ ಕಟ್ಟತಾರ. ಸಾಮಾನು ಒಂದ ಆದ್ರ ರುಚಿ ಬ್ಯಾರೆ ಎಲ್ಲಿಂದ ಬರಬೇಕ್ರಿ.

ಉಳಿದರ್ಧ ಕಿವೀದು. ಸ್ನೇರ್ (ಡ್ರಮ್ ಸೆಟ್ಟಿನ್ಯಾಗ ಚಟ್ ಅಂತ ಬೀಳೂ ಡ್ರಮ್) ಎಲ್ಲಿ ಬೀಳ್ತೈತಿ ಅಷ್ಟ ಹಿಡೀರಿ, ಬಾಕಿ ಎಲ್ಲಾ ತಾನ ಬಿಚ್ಚಿಕೊಳ್ತೈತಿ. ನಾಕು ಎಣಿಕಿ ಹಾಕ್ಕೋತ ಹೋಗ್ರಿ. ಓಡೂ ಭಾಗದಾಗ ಸ್ನೇರ್ ಎರಡಕ್ಕೂ ನಾಕಕ್ಕೂ ಬೀಳ್ತೈತಿ. ಬ್ರೇಕ್‌ಡೌನ್ ಬಂದ ಕೂಡ್ಲೇ ಅದು ಮೂರಕ್ಕ ಸರೀತೈತಿ. ಟೆಂಪೊ 180 ಇದ್ದದ್ದು 180ನ ಇರ್ತೈತಿ, ನಮಗ ಮಾತ್ರ 90ಕ್ಕ ಇಳದಂಗ ಅನಿಸ್ತೈತಿ. ತಬಲಾ ಕೇಳಿದವರಿಗೆ ದುಗುನ್‌ನಿಂದ ಒಮ್ಮೆಲೇ ಠಾಯ್ ಲಯಕ್ಕ ಬಂದಂಗ ಅಂದ್ರ ತಿಳೀತೈತಿ. ಹೆಚ್ಚಾಗಿ ಚೈನಾ ಸಿಂಬಲ್ (ತಾಳದಂಥಾ ಲೋಹದ ತಟ್ಟಿ) ಪ್ರತಿ ಎಣಿಕಿಗೂ ಬಡಕೋತ ಇರ್ತೈತಿ, ಅದನ್ನ ಗೂಟಾ ಮಾಡ್ಕೊಂಡು ಗಿಟಾರ್ ಎಲ್ಲೆಲ್ಲಿ ಕಡಿದು ಬರ್ತೈತಿ ನೋಡ್ರಿ. ಗಿಟಾರ್‌ನ ಒತ್ತು, ಕಾಲಿಂದ ಬಾರಿಸೂ ಕಿಕ್ ಡ್ರಮ್‌ನ ಒತ್ತು ಎರಡೂ ಒಂದ ಕಡೆ ಬಿದ್ರ ಹಳೇ ಪದ್ಧತಿ ಬ್ರೇಕ್‌ಡೌನ್. ಸಿಂಬಲ್ ನಾಕರ ಎಣಿಕಿ ಬಿಡದ ಹೊಂಟಾಗ ಗಿಟಾರ್, ಕಿಕ್ ಐದರದೋ ಏಳರದೋ ಸುತ್ತು ಹಾಕಿ ಆಮ್ಯಾಲ ಬಂದು ಕೂಡಿದ್ರ ಅದು ಸ್ವೀಡನ್‌ನ ಮೆಶುಗಾ ಬ್ಯಾಂಡಿನ ಕಡೆಯಿಂದ ಬಂದ ಲೆಕ್ಕ. ಆಗಸ್ಟ್ ಬರ್ನ್ಸ್ ರೆಡ್‌ನ 'ಕಾನ್‌ಸ್ಟೆಲೇಷನ್ಸ್' (2009) ತಿರಿಗಿ ಹಚ್ಚಿ ಇದೊಂದನ್ನ ಕೇಳ್ರಿ, ಹೊಸ ಆಲ್ಬಮ್ ಸಿಕ್ಕಂಗ ಆಗ್ತೈತಿ.

ಇಯರ್‌ಫೋನ್ ಬಗ್ಗೇನೂ ಹೇಳಬೇಕು. ತಂತಿ ಶ್ರುತಿ ಕೆಳಗಿಳಿಸೂ ಡ್ರಾಪ್ ಸಿ ಟ್ಯೂನಿಂಗ್‌ನ್ಯಾಗ ಗಿಟಾರ್‌ನ ದಪ್ಪ ತಂತಿ ಸುಮಾರು 65 ಹರ್ಟ್ಜ್. ಕಿಕ್ ಡ್ರಮ್‌ನ ಗುದ್ದು ಅಲ್ಲೇ, 60ರಿಂದ 80ರ ನಡುವ. ಬೇಸ್ ಗಿಟಾರ್ ಇನ್ನೊಂದು ಸಪ್ತಕ ಕೆಳಗ. ಮೂರೂ ಒಂದ ಓಣ್ಯಾಗ ನಿಂತಿರ್ತಾವ. ಬೇಸ್ ಉಬ್ಬಿಸಿದ ಅಗ್ಗದ ಇಯರ್‌ಫೋನ್ ಹಾಕಿದ್ರ ಎಲ್ಲಾ ಕೂಡಿ ಗುಂಯ್ ಅಂತೈತಿ, ಗಿಟಾರ್ ಕಡಿದು ಬರೂದು ಕೇಳೂದ ಇಲ್ಲ. ಮೊದಲ ಫೋನಿನ ಬೇಸ್ ಬೂಸ್ಟ್, 3ಡಿ ಎಲ್ಲಾ ಬಂದ್ ಮಾಡ್ರಿ. ಈಕ್ವಲೈಜರ್‌ನ್ಯಾಗ 125 ಮತ್ತು 250 ಹರ್ಟ್ಜ್ ಪಟ್ಟಿ 3 ಡೆಸಿಬೆಲ್ ಇಳಸ್ರಿ, 4 ಕಿಲೊಹರ್ಟ್ಜ್ 2 ಏರಸ್ರಿ. ಕಿಕ್‌ನ 'ಟಕ್' ಅನ್ನೂ ಪೆಟ್ಟು ಅಲ್ಲೇ ಇರ್ತೈತಿ. ಏರಿಸೂ ಮೊದಲ ಈಕ್ವಲೈಜರ್‌ನ ಪ್ರಿ-ಆ್ಯಂಪ್ (ಒಟ್ಟು ಧ್ವನಿಯ ಮಟ್ಟ) 2 ಇಳಸ್ರಿ, ಇಲ್ಲಾಂದ್ರ ಮೊದಲ ಜೋರಾಗಿ ಮಾಡಿಟ್ಟ ಆಲ್ಬಮ್ ಇನ್ನೂ ಒಡದು ಕೇಳ್ತೈತಿ. 4 ಕಿಲೊಹರ್ಟ್ಜ್ ಇನ್ನೂ ಏರಿಸಿದ್ರ ಸಿಂಬಲ್ ಕಿವಿ ಕೊರೀತಾವ. ಕಿವಿಗೆ ಕೂಡೂ ರಬ್ಬರ್ ಸಡಿಲಿದ್ರ ಬೇಸ್ ಎಲ್ಲಾ ಸೋರಿ ಹೋಗ್ತೈತಿ, ಆಗ ಕೈ ತಾನ ವಾಲ್ಯೂಮ್ ಏರಸ್ತೈತಿ. ದೊಡ್ಡ ಅಳತಿ ರಬ್ಬರ್ ಹಾಕಿ ನೋಡ್ರಿ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ 80 ಡೆಸಿಬೆಲ್‌ಗೆ ವಾರಕ್ಕ 40 ತಾಸು. 3 ಡೆಸಿಬೆಲ್ ಏರಿದ್ರ ತಾಸು ಅರ್ಧ ಆಗ್ತಾವ, 83ಕ್ಕ 20, 86ಕ್ಕ 10.

ಟಿಳಕವಾಡಿ_ರಿಫ್

ಇಬ್ಬರಿಗೂ ಭಾಳ ಥ್ಯಾಂಕ್ಸ್ರಿ. ಸ್ನೇರ್ ಮೂರಕ್ಕ ಸರಿಯೂದು ಈಗಿಂದೀಗ ಹಿಡದು ನೋಡಿದೆ, ಖರೇನ ಗೊತ್ತಾಗ್ತೈತಿ. ಬ್ಯಾಂಡ್‌ಕ್ಯಾಂಪ್ ಅನ್ನೂ ತಾಣದಾಗ ಆಲ್ಬಮ್ ಕೊಳ್ಳಬೇಕಂದ್ರ ಕಾರ್ಡ್ ಒಪ್ಪವಲ್ದು. ಮತ್ತ ಹೊಸ ಬಿಡುಗಡಿ ತಿಳಿಯೂ ಪದ್ಧತಿ ಯಾರೂ ಹೇಳಲಿಲ್ಲ.

ಖಡೇಬಜಾರ್_ಬಿ_ಸೈಡ್ (ಬೆಳಗಾವಿ)

ಕಾರ್ಡಿನ ತೊಂದರೆ ಸಾಮಾನ್ಯವಾಗಿ ಬ್ಯಾಂಕಿನ ಕಡೆಯದು. ನಮ್ಮ ಬ್ಯಾಂಕುಗಳು ಅಂತರರಾಷ್ಟ್ರೀಯ ಆನ್‌ಲೈನ್ ಪಾವತಿಯನ್ನು ಬಂದ್ ಇಟ್ಟೇ ಕಾರ್ಡ್ ಕೊಡುತ್ತವೆ. ಬ್ಯಾಂಕ್ ಆ್ಯಪಿನ ಕಾರ್ಡ್ ಸೆಟ್ಟಿಂಗ್‌ನಲ್ಲಿ ಅದನ್ನು ಆನ್ ಮಾಡಿ, ಮಿತಿಯನ್ನು ಬೇಕಾದಷ್ಟಕ್ಕೇ ಇಡಿ, ಕೊಂಡಾದ ಮೇಲೆ ಮತ್ತೆ ಬಂದ್ ಮಾಡಿ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇದ್ದರೆ ಒಳ್ಳೆಯದು. ಡಾಲರ್ ಪರಿವರ್ತನೆಗೆ ಬ್ಯಾಂಕ್ ತನ್ನ ಶುಲ್ಕ, ಅದರ ಮೇಲೆ ಜಿಎಸ್‌ಟಿ ಹಾಕುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಡಿಜಿಟಲ್ ಆಲ್ಬಮ್ ಕೊಂಡರೆ ಬ್ಯಾಂಡ್‌ಕ್ಯಾಂಪ್ 15 ಶೇಕಡಾ ಇಟ್ಟುಕೊಳ್ಳುತ್ತದೆ. 'ಬ್ಯಾಂಡ್‌ಕ್ಯಾಂಪ್ ಫ್ರೈಡೇ' ದಿನಗಳಲ್ಲಿ ಆ ಪಾಲನ್ನೂ ಬಿಟ್ಟುಕೊಡುತ್ತದೆ. ಸಣ್ಣ ಬ್ಯಾಂಡುಗಳದನ್ನು ಆ ದಿನ ನೋಡಿಯೇ ಕೊಳ್ಳಿ, ಅವರಿಗೆ ಅದು ದೊಡ್ಡ ಮಾತು. ಟೀ ಶರ್ಟ್ ತರಿಸುವ ಮೊದಲು ಮಾತ್ರ ಸಾಗಣೆ ಖರ್ಚು, ಕಸ್ಟಮ್ಸ್ ಸುಂಕ ಎರಡನ್ನೂ ಕೂಡಿಸಿ ನೋಡಿ. ಎಷ್ಟೋ ಸಲ ಅದು ಅಂಗಿಯ ಬೆಲೆಯನ್ನೇ ಮೀರುತ್ತದೆ.

ಇಳಿಸಿಕೊಳ್ಳುವಾಗ 320 ಕೆಬಿಪಿಎಸ್ ಎಂಪಿ3 ತೆಗೆದುಕೊಂಡರೆ 40 ನಿಮಿಷದ ಆಲ್ಬಮ್ 96 ಎಂಬಿ ಆಸುಪಾಸು. ಗುಣಮಟ್ಟ ಕಳೆಯದ ಫ್ಲ್ಯಾಕ್ ರೂಪ ಅದರ ಮೂರು ಪಟ್ಟು. ಫ್ಲ್ಯಾಕ್ ಲ್ಯಾಪ್‌ಟಾಪಿನಲ್ಲಿರಲಿ, ಬ್ಲೂಟೂತ್‌ನಲ್ಲಿ ಕೇಳುವ ಫೋನಿಗೆ ಎಂಪಿ3 ಸಾಕು.

ಬ್ಯಾಂಡ್‌ಕ್ಯಾಂಪಿನಲ್ಲಿ ಹುಡುಕುವ ಇನ್ನೊಂದು ದಾರಿ ಇದೆ, ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಒಳ್ಳೆಯದು. ಆಲ್ಬಮ್ ಪುಟದಲ್ಲಿ ಅದನ್ನು ಕೊಂಡವರ ಸಣ್ಣ ಚಿತ್ರಗಳಿರುತ್ತವೆ. ಯಾರದಾದರೂ ಮೇಲೆ ಒತ್ತಿ, ಅವರ ಇಡೀ ಸಂಗ್ರಹ ತೆರೆಯುತ್ತದೆ. ನಿಮಗೂ ಅವರಿಗೂ ಮೂರ್ನಾಲ್ಕು ಆಲ್ಬಮ್ ಹೊಂದಿಕೆಯಾದರೆ ಅವರನ್ನು ಫಾಲೋ ಮಾಡಿ. ದುಡ್ಡು ಕೊಟ್ಟು ಕೊಂಡವರ ಆಯ್ಕೆ ಅದು, ಸುಮ್ಮನೆ ಒತ್ತಿದ ಲೈಕ್ ಅಲ್ಲ.

ಹೊಸ ಬಿಡುಗಡೆಗೆ ಬ್ಯಾಂಡನ್ನೂ ಲೇಬಲನ್ನೂ (ಆಲ್ಬಮ್ ಹೊರತರುವ ಕಂಪನಿ) ಎರಡನ್ನೂ ಹಿಡಿಯಬೇಕು. ಆಸ್ಟ್ರೇಲಿಯಾಕ್ಕೆ ಯುಎನ್‌ಎಫ್‌ಡಿ ಲೇಬಲ್; ನಾರ್ತ್‌ಲೇನ್, ಥಾರ್ನ್‌ಹಿಲ್ ಬ್ಯಾಂಡಿನವರೆಲ್ಲ ಅಲ್ಲಿಂದಲೇ ಬಂದವರು. ಅಮೆರಿಕಕ್ಕೆ ಪ್ಯೂರ್ ನಾಯ್ಸ್, ಶಾರ್ಪ್‌ಟೋನ್, ಫಿಯರ್‌ಲೆಸ್. ಇವುಗಳ ಯೂಟ್ಯೂಬ್ ಚಾನೆಲ್‌ಗೆ ಗಂಟೆ ಒತ್ತಿಡಿ. 2015ರ ಜುಲೈನಿಂದ ಜಗತ್ತಿನಾದ್ಯಂತ ಹೊಸ ಆಲ್ಬಮ್ ಬರುವುದು ಶುಕ್ರವಾರ, ಆದರೆ ಸಿಂಗಲ್‌ಗಳು ವಾರದ ನಡುವೆಯೂ ಬರುತ್ತವೆ.

ಒಂದು ಎಚ್ಚರಿಕೆ: ಒಂದೇ ಹೆಸರಿನ ಬೇರೆ ಬೇರೆ ಕಲಾವಿದರ ಹಾಡುಗಳನ್ನು ಸ್ಟ್ರೀಮಿಂಗ್ ಆ್ಯಪ್‌ಗಳು ಒಂದೇ ಪುಟಕ್ಕೆ ತುರುಕುತ್ತವೆ. ಹೊಸ ಸಿಂಗಲ್ ಬಂತೆಂದು ಒತ್ತಿದರೆ ಬೇರೆ ಯಾವುದೋ ಸಂಗೀತ. ಮುಖಪುಟದ ಚಿತ್ರ, ಲೇಬಲ್ ಹೆಸರು ನೋಡಿ ಖಾತ್ರಿ ಮಾಡಿಕೊಳ್ಳಿ.

ಗುಮ್ಮಟ_ಡ್ರಾಪ್‌ಸಿ

ಲೈವ್ ಬಗ್ಗೆ ನಾ ಹೇಳ್ತೀನಿ. ನೀವು ಬೆಂಗಳೂರು, ಪುಣೆ, ಮುಂಬೈ ಮೂರಕ್ಕೂ ನಡುವ ಇದ್ದೀರಿ, ನಮಗಿಂತ ಚಲೋ. ಬೆಂಗಳೂರಿಗೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ರಾತ್ರಿ ಗಾಡಿ. ಪುಣೆಗೆ ಹುಬ್ಬಳ್ಳಿಯಿಂದ ಬರೂ ವಂದೇ ಭಾರತ್ ಬೆಳಗಾವಿ ಮ್ಯಾಲೆ ಹೋಗ್ತದ, ಆದ್ರ ದಿನಾ ಇಲ್ಲ. ಟಿಕೆಟ್ ತಗೊಳ್ಳೂ ಮುಂಚೆ ವಾರದಾಗ ಯಾವ ಯಾವ ದಿನ ಅಂತ ನೋಡ್ರಿ. ವಿಜಯಪುರ, ಬಾಗಲಕೋಟಿ ಮಂದಿಗೆ ಬೆಂಗಳೂರು ಕಡೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಅದ. ಬಯಲಿನ ಕಾರ್ಯಕ್ರಮಕ್ಕ ರಾತ್ರಿ 10ಕ್ಕ ಧ್ವನಿವರ್ಧಕ ಬಂದ್ ಮಾಡಬೇಕು ಅನ್ನೂದು ಕಾನೂನು. ಅದಕ್ಕ ದೊಡ್ಡ ಬ್ಯಾಂಡ್ ಸೈತ ಎಂಟರ ಸುಮಾರಿಗೆ ಏರಿಬಿಡ್ತಾವ. ಗೇಟ್ ತೆಗೆಯೂ ಹೊತ್ತಿಗೇ ಹೋಗ್ರಿ, ಮೊದಲ ನುಡಿಸೂ ಸಣ್ಣ ಬ್ಯಾಂಡುಗಳ ಒಳಗ ನಿಮ್ಮ ಮುಂದಿನ ನೆಚ್ಚಿನ ಬ್ಯಾಂಡ್ ಇರ್ತದ. ಪೋಸ್ಟರ್‌ನ ಕೆಳಗಿನ ಸಾಲಿನ ಹೆಸರೆಲ್ಲಾ ಒಂದು ವಾರ ಮೊದಲ ಕೇಳಿಟ್ಟುಕೊಳ್ರಿ.

ಸಂಗೀತಕ್ಕಂತ ಮಾಡಿದ ಇಯರ್‌ಪ್ಲಗ್ ಸಿಗ್ತಾವ, 15ರಿಂದ 20 ಡೆಸಿಬೆಲ್ ಇಳಸೂವು. ಹತ್ತಿ ತುರುಕಬ್ಯಾಡ್ರಿ, ಹತ್ತಿ ಮ್ಯಾಲಿನ ಧ್ವನಿ ತಡದು ಗುದ್ದು ಹಂಗ ಬಿಡ್ತದ. ಬೂಟಿನ ಲೇಸ್ ಎರಡು ಗಂಟು ಹಾಕಿ ಬಿಗೀರಿ. ಪಿಟ್‌ನ್ಯಾಗ (ವೇದಿಕಿ ಮುಂದ ಮಂದಿ ಒಬ್ಬರಿಗೊಬ್ಬರು ಡಿಕ್ಕಿ ಹೊಡಕೋತ ಕುಣಿಯೂ ಜಾಗ) ಯಾರರೇ ಬಿದ್ರ ಮೊದಲ ಅವರನ್ನ ಎಬ್ಬಿಸೂದು.

ನಮ್ಮ ದೇಶದವು ಬಿಡಬ್ಯಾಡ್ರಿ. ಮುಂಬೈದ ಸ್ಕ್ರೈಬ್‌ನ 'ಮಾರ್ಕ್ ಆಫ್ ತೇಜಾ' (2010), 'ಹೇಲ್ ಮೊಗ್ಯಾಂಬೊ' (2014), ಅದ ಊರಿನ ಭಯಾನಕ್ ಮೌತ್‌ನ 'ಮ್ಯಾನ್' (2014), ದಿಲ್ಲಿಯ ಅನ್‌ಡೈಯಿಂಗ್ ಇಂಕ್. ಸ್ಕ್ರೈಬ್‌ನಿಂದ ಸುರು ಮಾಡ್ರಿ, ಹೆಡ್‌ಫೋನ್ ಹಾಕ್ಕೊಂಡು, ಸ್ನೇರ್ ಎಣಿಸಿಕೋತ.